ವಿಡಿಯಾ, ಅಪ್ಪ ಮತ್ತು ಕಬ್ಬಿನ ಹಾಲಿನ ಶಾಫ್ಟು

ಇಲ್ಲಿ ಏನಾದರೂ ಬರೆದು ಐದು ತಿಂಗಳಾಯ್ತು. ಆಫೀಸಲ್ಲಿ ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಲ್ಲ. ನನ್ನ ಶನಿವಾರ ಭಾನುವಾರಗಳನ್ನೆಲ್ಲ ಮನೆ ಪಕ್ಕದ ಶೀಟಿನ ಶೆಡ್ಡು ನುಂಗಿಬಿಟ್ಟಿತ್ತು. ಇವತ್ತು ಆ ಕಥೆ. ಸ್ವಲ್ಪ ಕಬ್ಬಿಣದ ವಾಸನೆ ಬರುತ್ತೆ, ಸಹಿಸಿಕೊಳ್ಳಿ.

ನಮ್ಮ ಮನೆ ಇರೋದು ವಿದ್ಯಾರಣ್ಯಪುರದಲ್ಲಿ. ಈ ಕಡೆ ಬಂದವರಿಗೆ ಗೊತ್ತಿರುತ್ತೆ, ಯಾವ ಬೀದಿಗೆ ಹೋದರೂ ಫ್ಯಾಕ್ಟರಿಯಿಂದ ರಿಟೈರ್ ಆದ ಒಬ್ಬರಾದರೂ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಪೇಪರ್ ಓದ್ತಿರ್ತಾರೆ. ಪಕ್ಕದ ಜಾಲಹಳ್ಳಿಯಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ. ಮರುವರ್ಷ ಬಿಇಎಲ್. ಎಚ್‌ಎಂಟಿ ಅಂದರೆ ಎಲ್ಲರಿಗೂ ವಾಚು ನೆನಪಾಗುತ್ತೆ. ಆದರೆ ವಾಚಿನ ಕಾರ್ಖಾನೆ ಬಂದಿದ್ದು 1961ರಲ್ಲಿ, ಅದಕ್ಕೂ ಮೊದಲು ಅವರು ಮಾಡ್ತಿದ್ದದ್ದು ಲೇತು. ಹೆಸರಲ್ಲೇ ಮಷೀನ್ ಟೂಲ್ಸ್ ಅಂತ ಇದೆಯಲ್ಲ! ಆಮೇಲೆ ಪೀಣ್ಯ ಬೆಳೀತು, ಗಲ್ಲಿಗಲ್ಲಿಗೂ ಲೇತ್ ಬಂತು. ನಮ್ಮಪ್ಪ ಆ ಗಲ್ಲಿಗಳಲ್ಲೊಂದರ ಟರ್ನರ್. ಮೂವತ್ತು ವರ್ಷ ಒಂದೇ ಮಷೀನಿನ ಮುಂದೆ ನಿಂತಿದ್ದವರು. ಆ ವರ್ಕ್‌ಶಾಪ್ ಮುಚ್ಚಿದಾಗ ಅದೇ ಲೇತನ್ನು ಕೊಂಡು ಮನೆ ಪಕ್ಕ ತಂದು ಇಟ್ಟುಕೊಂಡರು. ಪಂಜಾಬಿನ ಬಟಾಲಾದಲ್ಲಿ ಮಾಡಿದ ಹಳೇ ಬೆಲ್ಟ್ ಲೇತು.

ನಾನು ಓದಿದ್ದು ಮೆಕ್ಯಾನಿಕಲ್, ಸೇರಿದ್ದು ಸಾಫ್ಟ್‌ವೇರ್. ಇದು ಹೊಸ ಕಥೆಯೇನಲ್ಲ, ಓದ್ತಾ ಇರೋ ನಿಮ್ಮಲ್ಲೂ ನಾಲ್ಕು ಜನ ಇದೇ ಜಾತಿಯವರಿದ್ದೀರಿ ಅಂತ ಗೊತ್ತು :-) ಕಾಲೇಜಲ್ಲಿ ಟೇಲರ್‌ನ ಟೂಲ್ ಲೈಫ್ ಸೂತ್ರವನ್ನು ಬಾಯಿಪಾಠ ಮಾಡಿ ಎಂಟು ಮಾರ್ಕ್ಸ್ ತಗೊಂಡಿದ್ದೆ. ಮನೆ ಪಕ್ಕದಲ್ಲೇ ಲೇತ್ ಇದ್ದರೂ ಅದರ ಹ್ಯಾಂಡಲ್ ಹಿಡಿದಿದ್ದು ಆಯುಧ ಪೂಜೆ ದಿನ ಅರಿಶಿನ ಕುಂಕುಮ ಹಚ್ಚುವಾಗ ಮಾತ್ರ.

ಕಥೆ ಶುರುವಾಗೋದು ಹೋದ ದಸರಾ ಆದ ಮೇಲೆ.

ಅಪ್ಪನ ಕೈ ಎರಡು ವರ್ಷದಿಂದ ನಡುಗ್ತಾ ಇದೆ. ಮೊದಮೊದಲು ಕಾಫಿ ಲೋಟ ಹಿಡಿದಾಗ, ಆಮೇಲೆ ಸಹಿ ಹಾಕುವಾಗ. ಲೇತಿನ ಹ್ಯಾಂಡಲ್‌ಗಳನ್ನು ಹೇಗೋ ನಿಭಾಯಿಸ್ತಿದ್ದರು. ನಿಭಾಯಿಸೋಕಾಗದೆ ಹೋಗಿದ್ದು ಟೂಲಿಗೆ ಸಾಣೆ ಹಿಡಿಯೋದು. ಅಪ್ಪ ಬಳಸೋದು ಎಚ್‌ಎಸ್‌ಎಸ್ ಬಿಟ್ಟು. ಬೆರಳು ದಪ್ಪದ ಚೌಕಾಕಾರದ ಗಟ್ಟಿ ಉಕ್ಕಿನ ಕಡ್ಡಿ. ಅದನ್ನು ಬರಿಗೈಯಲ್ಲಿ ಹಿಡಿದು ತಿರುಗೋ ಕಲ್ಲಿಗೆ ಕೊಟ್ಟು ಕೋನಗಳನ್ನೆಲ್ಲ ಕಣ್ಣಂದಾಜಲ್ಲೇ ತೆಗೀಬೇಕು. ಬಿಸಿಯಾದರೆ ನೀರಲ್ಲಿ ಅದ್ದಬೇಕು, ಕೊನೆಗೆ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ಹರಿತ ನೋಡಬೇಕು. ಅವತ್ತು ಬಿಟ್ಟು ರೆಸ್ಟಿಗೂ ಕಲ್ಲಿಗೂ ಮಧ್ಯೆ ಸಿಕ್ಕಿಹಾಕಿಕೊಂಡಿತು. ಢಂ ಅಂತ ಶಬ್ದ. ಕಲ್ಲು ಒಡೆದು ಅದರ ಚೂರೊಂದು ಶೀಟಿಗೆ ಬಡಿದು ತೂತು ಮಾಡಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಮ್ಮ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಯುಗಾದಿ ಒಳಗೆ ಅದನ್ನ ಗುಜರಿಯವನಿಗೆ ಕೊಟ್ಬಿಡಿ ಅಷ್ಟೇ. ಕೈ ಸರಿ ಇದ್ದಾಗ ದುಡಿದದ್ದು ಸಾಕು.”

ಗುಜರಿಯವನು ಬಂದು ನೋಡಿಕೊಂಡೂ ಹೋದ. ಲೇತಿನ ಬೆಡ್ ಮೇಲೆ ಅಂಗೈಯಿಂದ ತಟ್ಟಿ ಕೆ.ಜಿ. ಲೆಕ್ಕದಲ್ಲಿ ರೇಟ್ ಹೇಳಿದ. ಅಪ್ಪ ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಆಗ ನನ್ನ ತಲೆಗೊಂದು ಐಡಿಯಾ ಬಂತು. ಸಮಸ್ಯೆ ಸಾಣೆದು ತಾನೇ? ಸಾಣೆಯೇ ಬೇಡದ ಟೂಲ್ ತಂದರೆ ಆಯ್ತಲ್ಲ! ಕಾರ್ಬೈಡ್ ಇನ್ಸರ್ಟ್. ಪೆಪ್ಪರ್‌ಮಿಂಟ್ ಗಾತ್ರದ ಬಿಲ್ಲೆ, ನಡುವೆ ತೂತು. ಹೋಲ್ಡರಿಗೆ ಸ್ಕ್ರೂ ಹಾಕಿ ಕೂರಿಸೋದು, ಒಂದು ಮೂಲೆ ಸವೆದರೆ ಸಡಿಲಿಸಿ ಇನ್ನೊಂದು ಮೂಲೆಗೆ ತಿರುಗಿಸೋದು, ಎಲ್ಲಾ ಮುಗಿದರೆ ಎಸೆಯೋದು. ಪೀಣ್ಯದ ಒಂದು ಟೂಲ್ ಅಂಗಡಿಗೆ ಹೋಗಿ ಒಂದು ಹೋಲ್ಡರು, ಹತ್ತು ಇನ್ಸರ್ಟಿನ ಒಂದು ಡಬ್ಬಿ ತಂದೆ. ಸಿಎನ್‌ಎಂಜಿ 120408. ಇದು ಮಂತ್ರವಲ್ಲ, ಜಾತಕ. ಸಿ ಅಂದರೆ 80 ಡಿಗ್ರಿ ಮೂಲೆಯ ವಜ್ರಾಕಾರ, ಎನ್ ಅಂದರೆ ಬದಿ ನೇರ, 12 ಅಂದರೆ ಅಂಚಿನ ಉದ್ದ ಸುಮಾರು 12 ಮಿ.ಮೀ., 04 ದಪ್ಪದ ಲೆಕ್ಕ, 08 ಅಂದರೆ ತುದಿಯ ದುಂಡು 0.8 ಮಿ.ಮೀ. ನಮ್ಮ ಆಫೀಸಿನ ವೇರಿಯಬಲ್ ಹೆಸರುಗಳಿಗಿಂತ ಸಾವಿರ ಪಾಲು ವಾಸಿ. ಮೇಲೆ ಕೆಳಗೆ ಸೇರಿ ನಾಲ್ಕು ಮೂಲೆ ಬಳಸಬಹುದು ಅನ್ನೋ ದುರಾಸೆಗೇ ಇದನ್ನು ತಂದಿದ್ದೆ.

ಅಪ್ಪ ಡಬ್ಬಿಯನ್ನು ದೂರ ಹಿಡಿದು ನೋಡಿ, “ಓ, ವಿಡಿಯಾನಾ?” ಅಂದರು ಅಷ್ಟೇ.

ಆ ಪದ ನೋಡಿ ಎಷ್ಟು ದೂರದಿಂದ ಬಂದಿದೆ. ಬರ್ಲಿನ್‌ನಲ್ಲಿ ಬಲ್ಬ್ ಮಾಡ್ತಿದ್ದ ಓಸ್ರಾಮ್ ಕಂಪನಿಗೆ ಟಂಗ್‌ಸ್ಟನ್ ತಂತಿ ಎಳೆಯೋಕೆ ವಜ್ರದ ಅಚ್ಚು ಬೇಕಾಗ್ತಿತ್ತು. ವಜ್ರ ದುಬಾರಿ. ಅದರ ಬದಲಿಗೆ ಅಲ್ಲಿನ ಕಾರ್ಲ್ ಶ್ರೋಟರ್ ಅನ್ನೋರು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಗೆ ಕೋಬಾಲ್ಟ್ ಬೆರೆಸಿ ಒತ್ತಿ ಕಾಯಿಸಿ ಗಟ್ಟಿ ಮಾಡೋದನ್ನು ಕಂಡುಹಿಡಿದು 1923ರಲ್ಲಿ ಪೇಟೆಂಟಿಗೆ ಹಾಕಿದರು. ಅದನ್ನು ಕ್ರುಪ್ ಕಂಪನಿ ಕೊಂಡು ‘ವಿಡಿಯಾ’ ಅಂತ ಹೆಸರಿಟ್ಟು ಮಾರಿತು. ಜರ್ಮನ್ ಭಾಷೆಯಲ್ಲಿ ‘ವೀ ಡಿಯಾಮಾಂಟ್’ ಅಂದರೆ ವಜ್ರದ ಹಾಗೆ. 1927ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ತೋರಿಸಿದರು. 1964ರಲ್ಲಿ ಅದೇ ವಿಡಿಯಾ ನಮ್ಮ ತುಮಕೂರು ರಸ್ತೆಗೆ ಬಂತು. 2002ರಲ್ಲಿ ಅಮೆರಿಕದ ಕೆನ್ನಾಮೆಟಲ್ ವಿಡಿಯಾವನ್ನೇ ಕೊಂಡುಕೊಂಡಿತು, ಎಂಟನೇ ಮೈಲಿಯ ಆ ಕಾರ್ಖಾನೆಯ ಬೋರ್ಡೂ ಬದಲಾಯಿತು. ಆದರೆ ಪೀಣ್ಯದ ಬಾಯಲ್ಲಿ ಹೆಸರು ಬದಲಾಗಲಿಲ್ಲ. ಯಾವ ದೇಶದ ಯಾವ ಕಂಪನಿಯ ಕಾರ್ಬೈಡ್ ತಂದು ಕೊಟ್ಟರೂ ನಮ್ಮ ಟರ್ನರುಗಳಿಗೆ ಅದು ವಿಡಿಯಾನೇ. ಗೋಡೆ ಕೊರೆಯೋ ಡ್ರಿಲ್ ಬಿಟ್ ಕೂಡ ವಿಡಿಯಾ ಬಿಟ್ಟೇ.

ಸರಿ, ಅಮ್ಮನ ಹತ್ತಿರ ಒಪ್ಪಂದ ಆಯ್ತು. ಮಷೀನ್ ಮುಟ್ಟೋದು ನಾನು. ಅಪ್ಪ ಸ್ಟೂಲ್ ಮೇಲೆ ಕೂತಿರಬೇಕು. ನಾನು ಕನ್ನಡಕ ಹಾಕಿರಬೇಕು, ತುಂಬು ತೋಳಿನ ಅಂಗಿ ಹಾಕಬಾರದು.

ಮೊದಲ ಇನ್ಸರ್ಟ್ ಹತ್ತು ನಿಮಿಷವೂ ಬಾಳಲಿಲ್ಲ. ಕಡ್ಡಿಯೊಂದನ್ನು ತಿರುಗಿಸ್ತಾ ಇದ್ದೆ, ಫೋನ್ ಬಂತು, ಟೂಲ್ ಇನ್ನೂ ಲೋಹದೊಳಗೆ ಇದ್ದಾಗಲೇ ಮಷೀನ್ ಆಫ್ ಮಾಡಿದೆ. ನಿಂತ ಮೇಲೆ ನೋಡಿದರೆ ತುದಿಯೇ ಇಲ್ಲ! ಕಾರ್ಬೈಡಿನ ಸ್ವಭಾವವೇ ಅದು. ಎಚ್‌ಎಸ್‌ಎಸ್ 600 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತೆ, ಕಾರ್ಬೈಡ್ 900 ಡಿಗ್ರಿಯಲ್ಲೂ ಗಟ್ಟಿಯಾಗಿರುತ್ತೆ. ಉಕ್ಕಿಗಿಂತ ಮೂರು ಪಟ್ಟು ಬಿಗಿ, ಕೈಯಲ್ಲಿ ಹಿಡಿದರೆ ಉಕ್ಕಿನ ಎರಡರಷ್ಟು ತೂಕ. ಆದರೆ ಬಗ್ಗೋದು ಗೊತ್ತಿಲ್ಲ. ಪಿಂಗಾಣಿ ಬಟ್ಟಲಿನ ಹಾಗೆ, ಮುರಿಯೋದೊಂದೇ ಗೊತ್ತು. ಜಾಬ್ ನಿಧಾನವಾಗಿ ನಿಲ್ಲುವಾಗ ಲೋಹ ತುದಿಯನ್ನು ಕಚ್ಚಿ ಹಿಡಿಯುತ್ತೆ, ಎಚ್‌ಎಸ್‌ಎಸ್ ತಡಕೊಳ್ಳುತ್ತೆ, ಇದು ಚಿಟ್ ಅನ್ನುತ್ತೆ. ಮೊದಲು ಟೂಲ್ ಹಿಂದಕ್ಕೆ, ಆಮೇಲೆ ಸ್ವಿಚ್ಚು.

ಎರಡನೇ ಮೂಲೆ ಹೋಗಿದ್ದು ಹೋಲ್ಡರನ್ನು ಟೂಲ್ ಪೋಸ್ಟಿನಿಂದ ಮೊಣಕೈ ಥರ ಹೊರಗೆ ಚಾಚಿದ್ದಕ್ಕೆ. ಮೂರನೆಯದು ಕೆಳಗಿನ ಪ್ಯಾಕಿಂಗ್ ಕಮ್ಮಿಯಾಗಿ ತುದಿ ಸೆಂಟರಿಗಿಂತ ಕೆಳಗಿದ್ದದ್ದಕ್ಕೆ. ಎರಡೂ ಸರಿ ಮಾಡಿದರೂ ಜಾಬ್ ಮೇಲೆ ಅಲೆಅಲೆ ಗುರುತು, ಬೆಲ್ಟ್ ಜಾರಿ ಕಿರ್ ಅನ್ನೋದು. ನೇರ ಬದಿಯ ಈ ಬಿಲ್ಲೆಗಳು ಲೋಹವನ್ನು ಕತ್ತರಿಸೋದಕ್ಕಿಂತ ತಳ್ಳೋದೇ ಹೆಚ್ಚು. ದೊಡ್ಡ ಸಿಎನ್‌ಸಿ ಮಷೀನಿನ ಎದೆಗೆ ಅದು ತಡೆಯುತ್ತೆ, ನಮ್ಮ ಮುದಿ ಬಟಾಲಾಕ್ಕಲ್ಲ. ಅಪ್ಪ ಸ್ಟೂಲ್ ಮೇಲೆ ಕೂತು ಎಲ್ಲಾ ನೋಡ್ತಿದ್ದರು. ಏನಾದರೂ ಕೇಳಿದರೆ “ಹ್ಞೂಂ” ಅಷ್ಟೇ. ಅವರಿಗೆ ಕಾರ್ಬೈಡ್ ಗೊತ್ತಿಲ್ಲ, ಹಳೇ ಕಾಲದವರು ಅಂದುಕೊಂಡೆ.

ವಾಪಸ್ ಪೀಣ್ಯಕ್ಕೆ ಹೋಗಿ ಸಿಸಿಎಂಟಿ 09ಟಿ304 ತಂದೆ. ಇದರ ಬದಿ 7 ಡಿಗ್ರಿ ಓರೆ. ಎರಡೇ ಮೂಲೆ, ಆದರೆ ಹರಿತ. ತುದಿಯ ದುಂಡು 0.4 ಮಿ.ಮೀ. ಮಷೀನಿನ ನಡುಕ ಅರ್ಧಕ್ಕರ್ಧ ನಿಂತಿತು.

ಅಷ್ಟರಲ್ಲಿ ಶಿವರಾತ್ರಿ ಬಂತು. ಚಳಿ ಶಿವಶಿವಾ ಅಂತ ಹೋಯ್ತು, ಬಿಸಿಲು ಶುರುವಾಯ್ತು. ನಮ್ಮ ಬೀದಿ ಕೊನೆಯಲ್ಲಿ ಕಬ್ಬಿನ ಹಾಲಿನ ಗಾಡಿ ಇಟ್ಟಿರೋ ಅಣ್ಣ ಒಬ್ಬರು ಬಂದರು. ಕೈಯಲ್ಲಿ ಸವೆದುಹೋದ ಶಾಫ್ಟು.

“ಯಜಮಾನ್ರೇ, ಸೀಸನ್ ಶುರುವಾಗಿದೆ, ಗಾಡಿ ನಿಂತೋಗಿದೆ. ಬೇರಿಂಗು ಗಡಗಡ ಅಲ್ಲಾಡುತ್ತೆ. ಹೊಸದೊಂದು ಮಾಡಿಕೊಡಿ, ನಿಮ್ಮನ್ನೇ ನಂಬಿದ್ದೀನಿ.”

ಅಪ್ಪ ನನ್ನ ಕಡೆ ನೋಡಿದರು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಒಳಗೆ ಹೋದಳು. ಬೇಡ ಅನ್ನಲಿಲ್ಲ.

ಜಾಬ್ ಸುಲಭದ್ದೇ. 35 ಮಿ.ಮೀ. ಇಎನ್-8 ಕಡ್ಡಿ, ಎರಡೂ ತುದಿಯಲ್ಲಿ 6206 ಬೇರಿಂಗ್ ಕೂರೋಕೆ 30 ಮಿ.ಮೀ. ಜಾಗ. ಆದರೆ ಬೇರಿಂಗ್ ಬಿಗಿಯಾಗಿ ಕೂರಬೇಕು ಅಂದರೆ ಅಳತೆ 30.002ರಿಂದ 30.015ರ ಒಳಗೇ ಇರಬೇಕು. ನಮ್ಮ ತಲೆಗೂದಲಿನ ದಪ್ಪದ ಐದನೇ ಒಂದು ಭಾಗದ ಆಟ. ಅದಕ್ಕಿಂತ ಸಣ್ಣದಾದರೆ ಬೇರಿಂಗ್ ಒಳಗೆ ಶಾಫ್ಟ್ ತಿರುಗಿ ಮತ್ತೆ ಅದೇ ಗಡಗಡ.

ಮೊದಲನೇ ತುದಿ 30.07ಕ್ಕೆ ಬಂತು. ಇನ್ನು 0.06 ತೆಗೆದರೆ ಮುಗೀತು. ಹುಷಾರಾಗಿ ಹೋಗೋಣ ಅಂತ ಅಷ್ಟೇ ಒಳಗೆ ಕೊಟ್ಟೆ. ಟೂಲ್ ಹೋಯ್ತು, ಬಂತು. ಮೇಲ್ಮೈ ಪಳಪಳ ಹೊಳೆಯಿತು. ಮೈಕ್ರೋಮೀಟರ್ ಹಾಕಿದರೆ ಅದೇ 30.07! ಚೂರೂ ಕತ್ತರಿಸಿಲ್ಲ, ಉಜ್ಜಿಕೊಂಡು ಹೋಗಿದೆ. ಇನ್ನೂ ಸ್ವಲ್ಪ, 0.04 ಕೊಟ್ಟೆ. ಈ ಸಲ ಗಬಕ್ಕನೆ ಕಚ್ಚಿತು. 29.96.

ಕೋಡ್ ಆಗಿದ್ದರೆ ಹಿಂದಿನ ವರ್ಷನ್‌ಗೆ ಹೋಗಬಹುದಿತ್ತು. ಕಬ್ಬಿಣಕ್ಕೆ ಅಂಡೂ ಇಲ್ಲ. ಅರ್ಧ ದಿನದ ಕೆಲಸ, ಒಂದು ಕಡ್ಡಿ ಹಾಳು. ಅಣ್ಣನ ಗಾಡಿ ಇನ್ನೊಂದು ದಿನ ನಿಲ್ಲಬೇಕು. ಅದಕ್ಕಿಂತ ಹೆಚ್ಚಾಗಿ, ಗುಜರಿಯವನ ಫೋನ್ ನಂಬರ್ ಅಮ್ಮನ ಹತ್ತಿರ ಇನ್ನೂ ಇತ್ತು.

ಅಪ್ಪ ಸ್ಟೂಲಿನಿಂದ ಎದ್ದು ಬಂದರು. ಹಾಳಾದ ತುದಿಯ ಮೇಲೆ ಬೆರಳಾಡಿಸಿದರು. ಆಮೇಲೆ ಕೆಳಗಿನ ಡ್ರಾಯರ್ ಎಳೆದು ಎಣ್ಣೆ ಬಟ್ಟೆ ಸುತ್ತಿದ್ದ ಒಂದು ಗಂಟು ತೆಗೆದರು. ಒಳಗೆ ಏಳೆಂಟು ಟೂಲುಗಳು, ಪ್ರತಿಯೊಂದರ ತುದಿಗೂ ಹಿತ್ತಾಳೆ ಬೆಸುಗೆಯಲ್ಲಿ ಕೂರಿಸಿದ ಕಾರ್ಬೈಡ್ ಚೂರು.

“ಇಪ್ಪತ್ತು ವರ್ಷ ಕಾಸ್ಟಿಂಗ್ ಎಲ್ಲಾ ಇದರಲ್ಲೇ ಹೊಡೆದಿದ್ದು.”

ನನಗೆ ಮುಖ ಎಲ್ಲಿ ಇಟ್ಟುಕೊಳ್ಳೋದು ಅಂತ ಗೊತ್ತಾಗಲಿಲ್ಲ. “ಮತ್ತೆ ಮೊದಲೇ ಹೇಳೋದಲ್ವಾ ಅಪ್ಪ?”

“ಹೇಳಿದ್ದರೆ ಗೂಗಲ್ಲಲ್ಲಿ ಸರಿನಾ ಅಂತ ನೋಡ್ತಿದ್ದೆ. ಮುರಿದರೆ ನೆನಪಿರುತ್ತೆ.”

ಆಮೇಲೆ ಪಾಠ ಶುರುವಾಯ್ತು. ನಾಲ್ಕು ವರ್ಷ ಕಾಲೇಜಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

“ಎಚ್‌ಎಸ್‌ಎಸ್ ಕ್ಷೌರದ ಕತ್ತಿ ಇದ್ದ ಹಾಗೆ ಕಣೋ. ಒಂದು ಪರೆ ತೆಗಿ ಅಂದರೂ ತೆಗಿಯುತ್ತೆ. ವಿಡಿಯಾ ತುದಿ ದುಂಡಗಿದೆ. ಆ ದುಂಡಿಗಿಂತ ತೀರಾ ಕಮ್ಮಿ ಕೊಟ್ಟರೆ ಅದು ಒಳಗೆ ಹೋಗಲ್ಲ, ಮೇಲೆ ಮೇಲೆ ಉಜ್ಜುತ್ತೆ. ಹೆದರಿ ಹೆದರಿ ಕೊಡಬೇಡ, ಹೊಟ್ಟೆ ತುಂಬ ಕೊಡು.”

ಸ್ಪೀಡ್ ಬಗ್ಗೆಯೂ ಅಷ್ಟೇ. ನಾನು ಭಯಕ್ಕೆ 240 ಆರ್‌ಪಿಎಂನಲ್ಲಿ ಓಡಿಸ್ತಿದ್ದೆ. ಲೆಕ್ಕ ಹಾಕಿದರೆ 35 ಮಿ.ಮೀ. ಜಾಬಿಗೆ ಅದು ನಿಮಿಷಕ್ಕೆ 26 ಮೀಟರ್. ಎಚ್‌ಎಸ್‌ಎಸ್‌ಗೆ ಸರಿ, ಕಾರ್ಬೈಡಿಗೆ ತೆವಳಿದ ಹಾಗೆ. ನಿಧಾನ ಹೋದಾಗ ಲೋಹದ ಚೂರು ತುದಿಗೇ ಅಂಟಿಕೊಂಡು ಬೆಳೆಯುತ್ತೆ, ಕಿತ್ತು ಬರುವಾಗ ಜಾಬಿನ ಮೇಲ್ಮೈಯನ್ನೂ ಹರಿಯುತ್ತೆ, ಟೂಲಿನ ತುದಿಯನ್ನೂ ಒಯ್ಯುತ್ತೆ. ಡಬ್ಬಿ ಮೇಲೆ ಬರೆದಿದ್ದದ್ದು 150 ಮೀಟರಿನಿಂದ ಮೇಲಕ್ಕೆ. ಅಷ್ಟಕ್ಕೆ 30 ಮಿ.ಮೀ. ಜಾಬು ಸುಮಾರು 1,600 ಸುತ್ತಬೇಕು. ನಮ್ಮ ಬಟಾಲಾ ಎದೆ ಒಡೆದುಕೊಂಡರೂ 600. ಆದರೂ 600ಕ್ಕೇ ಹಾಕಿಸಿದರು. 66 ಮೀಟರ್. “ಇರೋದರಲ್ಲಿ ಪೂರ್ತಿ ಕೊಡು, ಸಾಕು.”

ಇನ್ನು ಕೂಲೆಂಟ್. ನಾನು ಬಾಟಲಿಯಲ್ಲಿ ನೆನಪಾದಾಗ ನೆನಪಾದಾಗ ಸುರೀತಿದ್ದೆ. “ಕೊಟ್ಟರೆ ಧಾರೆಯಾಗಿ ಕೊಡು, ಇಲ್ಲಾಂದ್ರೆ ಕೊಡಲೇಬೇಡ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಏನಾಗುತ್ತೆ?” ಒಣಗೇ ಓಡಿಸಿದೆವು.

ಮಾರನೇ ದಿನ ಹೊಸ ಕಡ್ಡಿ. 600ರಲ್ಲಿ ಮಷೀನಿನ ಸದ್ದೇ ಬೇರೆ. ಆಳ ಒಂದು ಮಿ.ಮೀ. ಕೊಟ್ಟಾಗ ಚಿಪ್ಸು ಉದ್ದುದ್ದ ದಾರದ ಹಾಗೆ ಸುತ್ತಿಕೊಳ್ಳೋದು ಬಿಟ್ಟು ಪಟಪಟ ಮುರಿದು ಬೀಳತೊಡಗಿತು. ಒಂದೊಂದೂ ಆರು, ಒಂಬತ್ತು ಅಂಕಿಯ ಆಕಾರ. ಮೊದಲು ಗೋಧಿ ಬಣ್ಣ, ಆಮೇಲೆ ನೀಲಿ. ಬಿಸಿಯೆಲ್ಲ ಚಿಪ್ಸಿನ ಜೊತೆ ಹೊರಗೆ ಹೋಗ್ತಿದೆ ಅಂತ ಅರ್ಥ. ಅಪ್ಪ ಮಷೀನಿಗೆ ಬೆನ್ನು ಹಾಕಿ ಕೂತಿದ್ದರು. ನೋಡ್ತಾನೇ ಇರಲಿಲ್ಲ.

“ಫೀಡ್ ಒಂದು ಚೂರು ಜಾಸ್ತಿ ಮಾಡು, ಉಜ್ತಾ ಇದೆ.” ಮಾಡಿದೆ. “ಹ್ಞಾ, ಈಗ ತಿಂತಾ ಇದೆ.” ನನ್ನ ಕಿವಿಗೆ ಎರಡೂ ಒಂದೇ ಥರ ಕೇಳಿಸಿತ್ತು!

ಕೊನೆಯ ಅಳತೆಗೆ ಬಂದೆವು. ಇಲ್ಲಿದೆ ನೋಡಿ ನಿಜವಾದ ಗುಟ್ಟು. ಅಂಚಿನವರೆಗೂ ಹೋಗಿ ಕೊನೆಗೆ ಚೂರು ಉಳಿಸಿಕೊಳ್ಳಬಾರದು. ದೂರದಿಂದಲೇ ಸಮನಾಗಿ ಪಾಲು ಮಾಡಬೇಕು. 31.21ರಲ್ಲಿ ನಿಲ್ಲಿಸಿದರು. “ಡಯಲ್ಲಿನಲ್ಲಿ ಅರವತ್ತು ತೆಗಿ.” ಅಂದರೆ ವ್ಯಾಸದಲ್ಲಿ 0.60. ಹೋಯ್ತು, ಬಂತು. “ಓದು.” 30.63. ಬರಬೇಕಿದ್ದದ್ದು 30.61. ಆ 0.02 ಎಲ್ಲಿ ಹೋಯ್ತು? ಕಡ್ಡಿಯೂ ಮಷೀನೂ ಅಷ್ಟು ಬಗ್ಗಿವೆ. “ಈಗ ಅರವತ್ತೆರಡು ಕೊಡು. ಅದೇ ಆಳ, ಅದೇ ಫೀಡು, ಅದೇ ಬಾಗು. ಮಧ್ಯೆ ನಿಲ್ಲಿಸಬೇಡ.”

ನನ್ನ ಕೈ ಹ್ಯಾಂಡಲ್ ಮೇಲೆ ನಿಂತುಬಿಟ್ಟಿತು. 0.62 ಒಂದೇ ಏಟಿಗೆ. ಹೆಚ್ಚುಕಮ್ಮಿಯಾದರೆ ಈ ಕಡ್ಡಿಯೂ ಗುಜರಿಗೆ, ಮಷೀನೂ ಗುಜರಿಗೆ. ಅಪ್ಪ ತಿರುಗಿ ನೋಡಿದರು.

“ನಡುಗ್ತಾ ಇರೋದು ನನ್ನ ಕೈ ಕಣೋ, ನಿಂದಲ್ಲ.”

ಕೊಟ್ಟೆ. ಮಷೀನು ಒಂದೇ ಸ್ವರದಲ್ಲಿ ಹಾಡಿತು. ಟೂಲ್ ಹಿಂದಕ್ಕೆ, ಆಮೇಲೆ ಸ್ವಿಚ್ಚು. ಕಡ್ಡಿ ತಣ್ಣಗಾಗಲಿ ಅಂತ ಒಂದು ಕಾಫಿ ಕುಡಿಯೋಷ್ಟು ಹೊತ್ತು ಕಾಯಿಸಿದರು. ಬಿಸಿಯಲ್ಲಿ ಅಳೆದರೆ ಅಳತೆ ಸುಳ್ಳು ಹೇಳುತ್ತೆ. ಅಮ್ಮ ಲೋಟ ತಂದವಳು ಬಾಗಿಲಲ್ಲೇ ನಿಂತಳು.

“ಓದು.”

30.01.

ಇನ್ನೊಂದು ತುದಿ 30.012 ಬಂತು. ಬೇರಿಂಗನ್ನು ಬಿಸಿ ಎಣ್ಣೆಯಲ್ಲಿಟ್ಟು ತೆಗೆದು ಜಾರಿಸಿದಾಗ ಟಕ್ ಅಂತ ಹೋಗಿ ಭುಜಕ್ಕೆ ಕೂತಿತು. ನಾನು ಇಷ್ಟು ವರ್ಷದಲ್ಲಿ ಬರೆದ ಯಾವ ಪ್ರೋಗ್ರಾಮೂ ಇಷ್ಟು ಚೆನ್ನಾಗಿ ಟಕ್ ಅಂದಿಲ್ಲ.

ನಾನು ಕಾರ್ಬೈಡ್ ತಂದಿದ್ದು ಅಪ್ಪನ ಕೈಯ ನಡುಕಕ್ಕೆ ಪರಿಹಾರ ಅಂತ. ಆದರೆ ಅದು ಹಾಳು ಮಾಡಿದ್ದೆಲ್ಲ ನನ್ನ ಕೈಯ ಅನುಮಾನದಿಂದ. ಅಪ್ಪನ ಕೆಲಸ ಇದ್ದದ್ದು ಸಾಣೆ ಹಿಡಿಯೋ ಬೆರಳಲ್ಲಿ ಅಂತ ನಾವೆಲ್ಲ ಅಂದುಕೊಂಡಿದ್ದೆವು, ಬಹುಶಃ ಅವರೂ ಅಂದುಕೊಂಡಿದ್ದರು. ಅದು ಕಿವಿಯಲ್ಲಿತ್ತು. ಅಲ್ಲೇ ಇದೆ.

ಸಂಜೆ ಅಣ್ಣ ಒಂದು ತೂಕುಪಾತ್ರೆ ತುಂಬ ಕಬ್ಬಿನ ಹಾಲು ತಂದುಕೊಟ್ಟರು, ಶುಂಠಿ, ನಿಂಬೆಹಣ್ಣು ಹಾಕಿ. ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಒಂದು ಹನಿ ಅಂಗಿ ಮೇಲೆ ಬಿತ್ತು. ಯಾರೂ ಏನೂ ಅನ್ನಲಿಲ್ಲ.

ಮುರಿದ ಇನ್ಸರ್ಟುಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದೀನಿ. ಒಳಗಿನ ಟಂಗ್‌ಸ್ಟನ್, ಕೋಬಾಲ್ಟನ್ನು ಮತ್ತೆ ತೆಗೀಬಹುದು, ಅದಕ್ಕೇ ಇದನ್ನು ಕೊಳ್ಳೋರು ಬೇರೆಯೇ ಇದ್ದಾರೆ, ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ರೇಟು. ಅಮ್ಮ ಬಾಟಲಿ ಅಲ್ಲಾಡಿಸಿ ಕೇಳಿದಳು, “ಇದನ್ನೂ ಗುಜರಿಯವನು ತಗೋತಾನಾ?”

“ಹ್ಞೂಂ, ಕೆ.ಜಿ. ಲೆಕ್ಕದಲ್ಲಿ.”

“ಹಾಗಾದರೆ ಯುಗಾದಿಗೆ ಇದನ್ನೇ ಕೊಟ್ಬಿಡು” ಅಂತ ಹೇಳಿ ಶೆಡ್ಡಿನ ಕೀಲಿಯನ್ನು ಸೊಂಟದಿಂದ ತೆಗೆದು ಟಿವಿ ಪಕ್ಕದ ಮೊಳೆಗೆ ನೇತುಹಾಕಿದಳು.

ಬಾಟಲಿಯಲ್ಲಿ ಇನ್ನೂ ಕಾಲು ಕೆ.ಜಿ.ಯೂ ಆಗಿಲ್ಲ. ನನ್ನ ಕಲಿಕೆಯ ವೇಗ ನೋಡಿದರೆ ಬೇಗ ತುಂಬುತ್ತೆ ಬಿಡಿ :-)

ನಿಮ್ಮ ಮನೇಲೂ ಹೀಗೆ ಬೀಗ ಹಾಕಿಟ್ಟ ಶೆಡ್ಡು ಏನಾದರೂ ಇದೆಯಾ? ಇದ್ದರೆ ಹೇಳಿ.